ಚಂದನಾಗೆ ಮೊಟ್ಟೆ

ರಸೆಲ್ ಮಾರುಕಟ್ಟೆಯ ಮೊಟ್ಟೆ ಅಂಗಡಿಯಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ಮಗಳು ಚಂದನಾಳನ್ನು ತಂಗಿಯ ಬಳಿ ಬಿಟ್ಟು ಕುವೈತ್‌ನಲ್ಲಿ ಆರು ವರ್ಷ ಮನೆಕೆಲಸ ಮಾಡಿದ್ದ ಅಕ್ಕ ಆ ದಿನ ಬೆಳಿಗ್ಗೆಯಷ್ಟೇ ಬಂದಿಳಿದಿದ್ದಳೆಂದು ಅವರ ಮಾತಿನಿಂದಲೇ ತಿಳಿಯಿತು.

“ಹಂಸ, ನೋಡೇ, ಇಲ್ಲಿ ದೊಡ್ಡದು ಚಿಕ್ಕದು ಎಲ್ಲಾ ಒಂದೇ ರೇಟು.”

“ಅಲ್ಲಿ ಹಂಗಲ್ವಾ?”

“ಅಲ್ಲಿ ತೂಕ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿರ್ತಾರೆ. ದೊಡ್ಡದು ನಮ್ಮ ದುಡ್ಡಲ್ಲಿ ಹತ್ರತ್ರ ಇಪ್ಪತ್ತು ರೂಪಾಯಿ.”

“ಒಂದಕ್ಕಾ? ಇಲ್ಲಿ ಏಳೇ ಅಕ್ಕ.”

“ಆ ಮನೆ ಮಗೂಗೆ ದೊಡ್ಡದೇ ಬೇಕು. ಸರಿಯಾಗಿ ಆರು ನಿಮಿಷ ಬೇಯಿಸ್ಬೇಕು. ದಿನಾ ನಾನೇ ತಿನ್ನಿಸ್ತಿದ್ದೆ.”

ಅಕ್ಕ ಒಂದು ಮೊಟ್ಟೆಯನ್ನು ಕೈಗೆತ್ತಿಕೊಂಡಳು.

“ನಮ್ಮ ಚಂದನಾಗೆ ಹೆಂಗಿಷ್ಟ? ಬೇಯಿಸಿದ್ದಾ, ಆಮ್ಲೆಟ್ಟಾ?”

“ಎರಡು ವರ್ಷದಿಂದ ಅವಳಿಗೆ ಮೊಟ್ಟೆ ಆಗಲ್ಲ ಅಕ್ಕ. ತಿಂದ್ರೆ ಮೈಯೆಲ್ಲಾ ದದ್ದು ಏಳುತ್ತೆ.”

“ನನಗ್ಯಾಕೆ ಹೇಳ್ಲಿಲ್ಲ?”

“ಅಷ್ಟು ದೂರದಲ್ಲಿ ಒಬ್ಬಳೇ ಕೂತು ಅಳ್ತೀಯ ಅಂತ, ಅವಳೇ ಹೇಳ್ಬೇಡ ಅಂದ್ಳು.”

“ಎಷ್ಟು ಕೊಡ್ಲಿ ಅಮ್ಮಾ?” ಅಂಗಡಿಯವನು ಕೇಳಿದ.

“ಬೇಡಣ್ಣ.”

ಅಕ್ಕ ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲಗೆ ಟ್ರೇಯಲ್ಲಿಟ್ಟಳು.

“ಮತ್ತೆ ಅವಳಿಗೆ ಏನಿಷ್ಟ ಹಂಸ?”

“ಪರೀಕ್ಷೆ ಮುಗಿಸ್ಕೊಂಡು ನಾಲ್ಕು ಗಂಟೆಗೆ ಬರ್ತಾಳೆ. ನೀನೇ ಕೇಳು.”

“ಕೇಳಿದ್ರೆ ಹೇಳ್ತಾಳಾ?”

ತಂಗಿ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.