ಕಂಬಳಿಯ ಮೇಲೆ ಕೊಟ್ಟ ಮಾತು

ಕುರಿ ಮೇಯುವ ಕಾವಲು ಭೂಮಿಗೆ ಬೇಲಿ ಬಿದ್ದರೆ ತಾಲ್ಲೂಕು ಕಚೇರಿಗೆ ನಿಮಗಿಂತ ಮುಂದೆ ನಾನೇ ನಡೆಯುತ್ತೇನೆ ಎಂದು ಪಂಚಾಯಿತಿ ಅಧ್ಯಕ್ಷ ಜಂಬುಲಿಂಗಪ್ಪ ಎಂಟು ವರ್ಷದ ಹಿಂದೆ ಕುರಿಯವರ ಕಂಬಳಿಯ ಮೇಲೆ ನಿಂತು ಮಾತು ಕೊಟ್ಟಿದ್ದರಂತೆ. ಮಗಳ ಜ್ವರದ ಔಷಧಿ ಹಿಡಿದು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಕೂತಿದ್ದ ತ್ರಿವೇಣಿಗೆ ಇದು ತಿಳಿದದ್ದು ಪಕ್ಕದ ಕಲ್ಲುಬೆಂಚಿನ ಮಾತಿನಿಂದ. ಅಲ್ಲಿ ನಾಗಕ್ಕ ಎಂಬ ಮುದುಕಿ, ತನ್ನ ತಮ್ಮ ಜುಂಜಪ್ಪನ ಜೊತೆ, ಈಗ ಬಿದ್ದಿರುವ ಬೇಲಿಯ ಬಗ್ಗೆ ಅರ್ಜಿ ಹಿಡಿದು ಅದೇ ಅಧ್ಯಕ್ಷರಿಗಾಗಿ ಕಾಯುತ್ತಿದ್ದಳು.

"ಬರ್ತಾರೆ ಕಣಕ್ಕಾ. ಟೌನ್ ಹಾಲ್‌ನಾಗೆ ಭಾಷಣ ಐತೆ."

"ಏನಂತ ಭಾಷಣ?"

"ಕಷ್ಟಕಾಲದಾಗೆ ನಾಯಕ ಹೆಂಗಿರಬೇಕು ಅಂತ."

"ಥೂ! ಕಷ್ಟ ಇಲ್ಲಿ ಕುಂತೈತೆ, ನಾಯಕ ಅಲ್ಲಿ ಹಾರ ಹಾಕಿಸ್ಕೊಳ್ತಾನೆ."

"ಮೆಲ್ಲಗೆ ಮಾತಾಡಕ್ಕ. ಮುಂದೆ ನಡೆಯೋನು ಒಬ್ಬ ಬೇಕಲ್ಲ ನಮಗೆ."

"ಲೇ, ಮಂದೆ ಹೊಂಟಾಗ ಅಪ್ಪ ಎಲ್ಲಿ ನಡೀತಿದ್ದ?"

"ಹಿಂದೆ. ಕುಂಟೋ ಕುರಿ ಜೊತೆ, ಹೆಗಲ ಮ್ಯಾಲೆ ಮರಿ ಹೊತ್ಕೊಂಡು."

"ಮುಂದೆ ಯಾರಿರ್ತಿದ್ರು?"

"ಟಗರು."

"ಹಂಗಾದ್ರೆ ಇಷ್ಟು ವರ್ಷ ಟಗರಿಗೆ ಓಟು ಹಾಕಿದೀವಿ. ಚಪ್ಪಲಿ ಬಿಡದೆ ದೇವರಂಥ ಕಂಬಳಿ ಹತ್ತಿದ್ನಲ್ಲ, ಅವತ್ತೇ ತಿಳೀಬೇಕಿತ್ತು."

ಜುಂಜಪ್ಪ ನಿಲ್ದಾಣದ ಗಡಿಯಾರ ನೋಡಿದ.

"ಐದಕ್ಕೆ ಕಚೇರಿ ಮುಚ್ತಾರೆ. ಅರ್ಜಿ ಕೊಡಾಕೆ ಇವತ್ತೇ ಕಡೇ ದಿನ."

"ಬೇಲಿಯಾಗೆ ದಾರಿ ಬಿಡದಿದ್ರೆ ಇನ್ನೂರು ಕುರಿ ಎಲ್ಲಿ ಮೇಯ್ತಾವೆ? ಏಳು ಮೇಲೆ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."

ಇಬ್ಬರೂ ಕಚೇರಿಯ ಕಡೆ ಹೊರಟರು. ತ್ರಿವೇಣಿಯ ಬಸ್ ಬರುವವರೆಗೂ ಅಧ್ಯಕ್ಷರು ಬರಲಿಲ್ಲ.