ಏಪ್ರಿಲ್‌ನ ಹದಿನಾಲ್ಕು ಗಂಟೆ

...ಅಲ್ಲ, ಆ ಡಬ್ಬಕ್ಕೆ ಟೇಪ್ ಹಚ್ಚೋದು ಆಮೇಲೆ ಇಟ್ಕೋ. ಮೊದಲು ಕೂತ್ಕೋ ಓಸ್ತಾ. ನೀನು ಹಿಂಗೆ ಬೆನ್ನು ತಿರುಗಿಸಿ ನಿಂತಿದ್ರೆ ನಂಗೆ ಹೇಳೋಕೆ ಆಗಲ್ಲ. ವಾಫೆಲ್ ತಂದಿದೀನಿ, ಇನ್ನೂ ಬಿಸಿ ಇದೆ, ಜೊತೆಗೆ ಕಂದು ಚೀಸೂ ಇದೆ. ಬೇಡ್ವಾ? ಸರಿ, ಇಲ್ಲೇ ಇಟ್ಟಿರ್ತೀನಿ, ಬೇಕಾದಾಗ ತಗೋ.

ಲ್ಯಾಪ್‌ಟಾಪ್ ಯಾಕೆ ತಂದ್ಲಪ್ಪಾ ಇವ್ಳು ಅಂತ ನೋಡ್ತಿದೀಯ. ನಿಂಗೆ ತೋರಿಸೋಕೇ ತಂದಿದ್ದು. ಇಪ್ಪತ್ತೆರಡು ವರ್ಷ ಬೇಲಿಯ ಆಚೆ ಈಚೆ ಇದ್ದೀವಿ, ಯಾವತ್ತಾದ್ರೂ ನಿಮ್ಮನೆ ಬಾಗಿಲಲ್ಲಿ ನಿಂತು ಮಾತಿಗೆ ತಡಕಾಡಿದೀನಾ ನಾನು? ಇವತ್ತು ಗೇಟಿಂದ ಇಲ್ಲಿಗೆ ಬರೋಷ್ಟರಲ್ಲಿ ಎರಡು ಸಲ ವಾಪಸ್ ಹೋಗಿ ಬಂದೆ.

ಏನಂದ್ರೆ... ಪಟ್ಟಿ ತಪ್ಪಾಗಿತ್ತು ಕಣೇ. ನನ್ನ ಪಟ್ಟಿ. ಡುಗ್ನಾಡ್ ಗಂಟೆ, ಅಂದ್ರೆ ತೋಟದ ಸಂಘಕ್ಕೆ ನಾವು ಬಿಟ್ಟಿ ದುಡಿಯೋ ಗಂಟೆ, ಕೂಡಿಸೋ ಪಟ್ಟಿ. ಈ ವರ್ಷ ನೀನು ಸಂಘಕ್ಕೆ ದುಡಿದದ್ದು ಮೂರು ಗಂಟೆ ಅಲ್ಲ, ಹದಿನೇಳು. ಹೋದ ವರ್ಷದ್ದು ನಾಲ್ಕಲ್ಲ, ಹದಿನೈದು. ವರ್ಷಕ್ಕೆ ಹತ್ತು ಗಂಟೆ ಬಿಟ್ಟಿ ದುಡಿದ್ರೆ ತೋಟ ಉಳಿಯುತ್ತೆ, ಸತತ ಎರಡು ವರ್ಷ ತಪ್ಪಿದ್ರೆ ಹೋಗುತ್ತೆ ಅಂತ ನಿಯಮ. ನೀನು ಎರಡು ವರ್ಷವೂ ಹತ್ತು ದಾಟಿ ಎಷ್ಟೋ ಮುಂದೆ ಹೋಗಿದ್ದೆ. ಈ ತೋಟ, ಈ ಪುಟ್ಟ ಮನೆ, ಆ ಸೇಬಿನ ಮರ, ಇದ್ಯಾವುದೂ ನಿನ್ನ ಕೈ ಬಿಡಬೇಕಾಗಿರ್ಲಿಲ್ಲ.

ಯಾಕೆ ನಗ್ತೀಯ? ನಾನು ಸಮಾಧಾನಕ್ಕೆ ಕಥೆ ಕಟ್ಕೊಂಡು ಬಂದಿದೀನಿ ಅನ್ಕೊಂಡ್ಯಾ? ಅಯ್ಯೋ, ಕಥೆ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಇಲ್ಲಿ ನೋಡು, ಕನ್ನಡಕ ಹಾಕ್ಕೋ. ಅಲ್ಲೇ ಇದೆ, ನಿನ್ನ ಕುತ್ತಿಗೇಲೇ ನೇತಾಡ್ತಿದೆ.

ಇದು ಮೊದಲನೇ ಹಾಳೆ. ಸಲಕರಣೆ ಕೊಟ್ಟಿಗೆಯ ಗೋಡೆ ಮೇಲೆ ನೀವೆಲ್ಲ ಪೆನ್ಸಿಲ್‌ನಲ್ಲಿ ಬರೆದು ಹೋಗ್ತೀರಲ್ಲ, ಯಾವ ದಿನ, ಯಾರು, ಎಷ್ಟು ಹೊತ್ತು ಅಂತ, ಅದನ್ನ ಹಾಗ್ಹಾಗೇ ಇಲ್ಲಿ ಹಾಕಿದೀನಿ. ಒಂದು ಕೆಲಸಕ್ಕೆ ಒಂದು ಸಾಲು. ಏಪ್ರಿಲ್‌ನಿಂದ ಶುರು. ನೋಡು, ಏಪ್ರಿಲ್ ಆರು, ಓಸ್ತಾ, ನೀರಿನ ಕೊಳವೆ ತೆರೆದದ್ದು, ನಾಲ್ಕು ಗಂಟೆ. ಏಳು, ಓಸ್ತಾ, ಒಡೆದ ಕೊಳವೆ ಬದಲಾಯಿಸಿದ್ದು, ಐದು ಗಂಟೆ. ಹನ್ನೊಂದು, ಮತ್ತೆ ನೀನೇ, ಐದು. ನೆಲ ಇನ್ನೂ ಹೆಪ್ಪುಗಟ್ಟಿರೋವಾಗ, ನಾವೆಲ್ಲ ಮನೇಲಿ ಹೊದ್ದು ಕೂತಿರೋವಾಗ, ನಿನ್ನ ಗಂಡ ರೇಯ್ದಾರ್ ತಿರುಗಿಸೋದು ಕಲಿಸಿಕೊಟ್ಟ ಆ ದೊಡ್ಡ ಚಾವಿ ಹಿಡ್ಕೊಂಡು ನೀನೊಬ್ಬಳೇ ಬಗ್ಗಿ ಕೂತು ಮಾಡಿದ ಕೆಲಸ. ಎಂಬತ್ನಾಲ್ಕು ತೋಟಕ್ಕೆ ನೀರು ಬಂದದ್ದು ನಿನ್ನಿಂದ.

ಇದು ಎರಡನೇ ಹಾಳೆ. ಹೆಸರಿನ ಅಕ್ಷರಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲನೇ ಹಾಳೇಲಿ ಈ ಹೆಸರು ಎಲ್ಲೆಲ್ಲಿದೆಯೋ ಅಲ್ಲಲ್ಲಿನ ಗಂಟೆ ಮಾತ್ರ ಕೂಡಿಸು ಅಂತ ಫಾರ್ಮುಲಾ. ಮೊದಲನೆಯವನು ಆನ್ಷ್. ಅವನ ಸಾಲಲ್ಲಿ ನಾನು ಫಾರ್ಮುಲಾನ ಸರಿಯಾಗೇ ಬರೆದೆ, ಒಂದನೇ ಸಾಲಿಂದ ನೋಡ್ಕೊಂಡು ಬಾ ಅಂತ. ಆಮೇಲೆ ಎಲ್ಲರಿಗೂ ಬರಲಿ ಅಂತ ಆ ಚೌಕದ ಮೂಲೆ ಹಿಡಿದು ಕೆಳಗಿನವರೆಗೂ ಎಳೆದುಬಿಟ್ಟೆ. ಎಳೆದ್ರೆ ಏನಾಗುತ್ತೆ ಗೊತ್ತಾ? ಆನ್ಷ್‌ಗೆ ಒಂದನೇ ಸಾಲಿಂದ ಎಣಿಸುತ್ತೆ. ಅವನ ಕೆಳಗಿನವಳಿಗೆ ಎರಡನೇ ಸಾಲಿಂದ. ಅದರ ಕೆಳಗೆ ಮೂರರಿಂದ. ಎಣಿಕೆಯೂ ಒಂದೊಂದೇ ಮೆಟ್ಟಿಲು ಇಳೀತಾ ಹೋಗುತ್ತೆ. ಫಾರ್ಮುಲಾದಲ್ಲಿ ಒಂದು ಡಾಲರ್ ಗುರುತು ಹಾಕಿ ಆ ಒಂದನೇ ಸಾಲನ್ನ ಅಲ್ಲೇ ಕಟ್ಟಿಹಾಕಬೇಕಿತ್ತು, ಅಷ್ಟೇ. ಹಾಕ್ಲಿಲ್ಲ.

ನಾನು ಬೋದಿಲ್, ಮೇಲಿಂದ ಒಂಬತ್ತನೆಯವಳು. ನನ್ನದು ಎಂಟು ಸಾಲು ಹೋಗಿತ್ತು, ಅದರಲ್ಲಿ ನಂದೊಂದೂ ಇರ್ಲಿಲ್ಲ. ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿದಾಗಲೂ ಆನ್ಷ್, ಆರ್ನೆ, ಬೆರಿತ್, ನಾನು, ಮೇಲಿನ ಇಷ್ಟೇ ಜನರನ್ನ ನೋಡಿದ್ದು. ನಮ್ಮ ಅಕ್ಷರಮಾಲೆಯ ಕಟ್ಟಕಡೆಯ ಅಕ್ಷರ, ತಲೆ ಮೇಲೆ ಸೊನ್ನೆ ಇರೋ ಆ A, ಅದೇ ನಿನ್ನ ಹೆಸರಿನ ಮೊದಲಕ್ಷರ. ಎಂಬತ್ನಾಲ್ಕನೇ ಸಾಲು. ನಿನ್ನ ಎಣಿಕೆಗೆ ಮೊದಲಿನ ಎಂಬತ್ತಮೂರು ಸಾಲು ಸೇರಲೇ ಇಲ್ಲ. ಅಂದ್ರೆ ಇಡೀ ಏಪ್ರಿಲ್, ಮೇ ತಿಂಗಳ ಶುರುವೂ ಹೋಯ್ತು. ಬೇರೆಯವರಲ್ಲಿ ಹೆಚ್ಚಿನವರು ದುಡಿಯೋದು ಮೇ ಕೊನೆ, ಜೂನ್‌ನಲ್ಲಿ, ಬಿಸಿಲು ಬಂದ್ಮೇಲೆ. ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ಸಮಿತಿಯವರು ತಮಾಷೆ ಮಾಡ್ತಿದ್ರಲ್ಲ, ಪಟ್ಟಿಯ ಬಾಲದಲ್ಲಿರೋರೆಲ್ಲ ಸೋಮಾರಿಗಳು ಅಂತ... ನಾನೂ ನಕ್ಕಿದ್ದೆ. ನೀನೂ ನಕ್ಕಿದ್ದೆ ಪಾಪ.

ಹ್ಞಾ? ಈ ಪಟ್ಟಿ ಶುರುವಾದ ಮೊದಲ ವರ್ಷ ಯಾಕೆ ಹೀಗಾಗಲಿಲ್ಲ ಅಂತ ತಾನೇ ನಿನ್ನ ಹುಬ್ಬು ಕೇಳ್ತಿರೋದು? ಆಗ ರೇಯ್ದಾರ್ ಇದ್ದ. ಬೇಸಿಗೆಯೆಲ್ಲ ಬೇಲಿಗೆ ಬಣ್ಣ ಹಚ್ಚಿ ನಿನ್ನ ಹೆಸರಲ್ಲೇ ಬರೆಸ್ತಿದ್ದ. ಅವನು ತೀರಿಕೊಂಡ, ಅದೇ ವರ್ಷ ನಿನ್ನ ಗಂಟೆ ಇಳೀತು. ಎಲ್ಲರೂ ಅದಕ್ಕೂ ಇದಕ್ಕೂ ಗಂಟು ಹಾಕಿದ್ರು. ಓಸ್ತಾ ಒಬ್ಬಳೇ ಆದ್ಲು, ಮಂಕಾದ್ಲು, ಮಾಡಿದೀನಿ ಅಂತಾಳೆ ಆದ್ರೆ ಮಾಡಿರಲ್ಲ ಅಂತ.

ಗೊತ್ತಾಗಿದ್ದು ಗುರುವಾರ. ಹೌದು, ಮೊನ್ನೆ ಗುರುವಾರ. ಲೆಕ್ಕದ ಹಾಳೆ ಮುಂದಿನ ವರ್ಷಕ್ಕೆ ತಯಾರು ಮಾಡ್ತಾ ಇದ್ದೆ, ಕಣ್ಣಿಗೆ ಬಿತ್ತು, ಸರಿ ಮಾಡಿದೆ. ಎಂಬತ್ನಾಲ್ಕು ಸಾಲೂ ಸರಿ ಮಾಡಿದೆ. ಇನ್ನು ಒಂದೂ ತಪ್ಪಿಲ್ಲ, ಬೇಕಿದ್ರೆ ಕೈಯಲ್ಲೇ ಕೂಡಿಸಿ ನೋಡು.

ಯಾಕೆ ಮತ್ತೆ ಟೇಪ್ ಕೈಗೆ ತಗೊಂಡೆ?

ಸಮಿತಿಗೆ ಬರೀತೀನಿ. ಸೋಮವಾರವೇ ಬರೀತೀನಿ. ತೋಟಕ್ಕೆ ಕಾಯೋರ ಪಟ್ಟಿಯಿಂದ ನಿನ್ನ ಜಾಗಕ್ಕೆ ಆರಿಸಿದ ಆ ಗಂಡ ಹೆಂಡ್ತಿ ಒಂದನೇ ತಾರೀಖಿಗೆ ತಾನೇ ಬರೋದು? ಇನ್ನೂ ಎರಡು ವಾರ ಇದೆ. ಅವರಿಗೆ ಹೇಳಿದ್ರಾಯ್ತು, ಮುಂದಿನ ತೋಟ ಖಾಲಿಯಾದಾಗ ನಿಮಗೇ ಅಂತ. ಬೈಕೋತಾರೆ, ಬೈಕೊಳ್ಳಲಿ. ಡಬ್ಬಗಳನ್ನೆಲ್ಲ ಬಿಚ್ಚು, ನಾನೂ ಕೈ ಹಾಕ್ತೀನಿ.

ತೋಟದ ವಿಷಯ ಹಾಗಿರ್ಲಿ. ಅದಕ್ಕಿಂತ... ಒಲೆ ಮೇಲೆ ಈ ಚೀಟಿಗಳೇನು ಓಸ್ತಾ? 'ಒಲೆ ಆರಿಸಿದೆಯಾ'. ಬಾಗಿಲ ಮೇಲೆ ಇನ್ನೊಂದು. 'ಬೀಗ, ಕನ್ನಡಕ, ಮಾತ್ರೆ'. ಮಾತ್ರೆ ಡಬ್ಬದ ಮೇಲೆ ದಿನಾಂಕ. ಇಷ್ಟೊಂದು ಚೀಟಿ ಯಾವಾಗ ಅಂಟಿಸ್ದೆ? ನೀನು ಮೂವತ್ತು ಜನರ ಫೋನ್ ನಂಬರ್ ಬಾಯಲ್ಲೇ ಇಟ್ಕೊಂಡಿದ್ದವಳು. ಅಂಚೆ ಕಚೇರೀಲಿ ನಲವತ್ತು ವರ್ಷ ಇದ್ದವಳು. ಡಾಕ್ಟರ ಹತ್ರ ಹೋಗಿದ್ದೆ ಅಂತ ಕೇಳಿದೆ. ನೆನಪಿನ ಪರೀಕ್ಷೆಗೆ ಗಡಿಯಾರದ ಚಿತ್ರ ಬರಿ ಅಂದ್ರಂತೆ, ಐದು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದ್ರಂತೆ. ನಾಲ್ಕು ಹೇಳಿದ್ಯಂತೆ. ನಂಗೆ ಕೇಳಿದ್ರೆ ಮೂರು ಬಂದ್ರೆ ದೊಡ್ಡದು. ಆದ್ರೂ ಕಾರಿನ ಕೀ ಮಗನ ಕೈಗೆ ಕೊಟ್ಟುಬಿಟ್ಟೆ.

ನೀನೇನೂ ಮರೆತಿಲ್ಲ ಕಣೇ. ಕೊಳವೆ ತೆರೆದದ್ದು ನಿಜ. ನೀನು ಹೇಳಿದ ಒಂದೊಂದು ದಿನವೂ ನಿಜ. ಮರೆತದ್ದು ಫಾರ್ಮುಲಾ.

ಇವಾರ್ ಸಿಕ್ಕಿದ್ದ ಹೋದ ವಾರ, ಗೇಟ್ ಹತ್ರ. ನಿನ್ನ ಮಗ ನನ್ನ ಕೈ ಹಿಡ್ಕೊಂಡ. ಎರಡೂ ಕೈಯಲ್ಲಿ ಹಿಡ್ಕೊಂಡು, ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಬೋದಿಲ್, ನಿಮ್ಮ ಪಟ್ಟಿ ಇಲ್ದಿದ್ರೆ ಅಮ್ಮನಿಗೆ ಮರೆವು ಶುರುವಾಗಿರೋದು ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅಂದ. ಡ್ರಾಮ್ಮೆನ್‌ನಲ್ಲಿ ನರ್ಸ್‌ಗಳಿರೋ ಒಂದು ಮನೆ ನೋಡಿದೀವಿ, ಈ ಬರೋ ಸೋಮವಾರ ಸಹಿ, ಅಮ್ಮನೂ ಒಪ್ಪಿದಾಳೆ ಅಂದ. ನಾನು ಏನಂದೆ ಗೊತ್ತಾ? ಒಳ್ಳೇದಾಯ್ತಪ್ಪ ಅಂದೆ. ಈ ಬಾಯಿಂದಲೇ ಅಂದೆ. ಮನೆಗೆ ಹೋಗಿ ಊಟ ಸೇರಲಿಲ್ಲ. ಅವತ್ತಿಂದ ನಿದ್ದೆ ಇಲ್ಲ ನಂಗೆ.

ಏನು ಹಂಗೆ ನೋಡ್ತೀಯ... ಹೋದ ವಾರ ಅಂದೆನಾ? ಗುರುವಾರಕ್ಕಿಂತ ಮುಂಚೆ? ಅಲ್ಲ, ಅದು ಬೇರೆ. ಅವನ ಮಾತು ಕೇಳಿ ಏನೋ ಚುಚ್ಚಿದ ಹಾಗಾಯ್ತು, ಯಾಕೆ ಅಂತ ಗೊತ್ತಾಗಲಿಲ್ಲ, ಅದಕ್ಕೇ ಗುರುವಾರ ಕೂತು ಹಾಳೆ ತೆಗೆದು ನೋಡಿದ್ದು. ಹಾಗೆ ಅದು. ಮುಂದಿನ ವರ್ಷಕ್ಕೆ ತಯಾರು ಮಾಡ್ತಿದ್ದೆ ಅಂದೆನಲ್ಲ, ಅದೂ ಹೌದು, ಇದೂ ಹೌದು.

ಕಾಫಿ ಹಾಕ್ಲಾ? ಫ್ಲಾಸ್ಕ್‌ನಲ್ಲಿದೆ. ಇಲ್ಲಿ ಚಳಿ ಬೇರೆ. ಒಲೆ ಹಚ್ಚಿಲ್ವಲ್ಲ ನೀನು.

ಸಂಘದ ಸಭೆ ದಿನ, ನಿನ್ನ ತೋಟ ವಾಪಸ್ ತಗೊಳ್ಳೋ ಮಾತು ಬಂದಾಗ, ನೀನು ಎದ್ದು ನಿಂತದ್ದು ನನ್ನ ಕಣ್ಣಿಂದ ಹೋಗೋದೇ ಇಲ್ಲ. ಮೊದಲು ಗಟ್ಟಿಯಾಗೇ ಹೇಳಿದೆ, ನಾನು ಮಾಡಿದೀನಿ, ಏಪ್ರಿಲ್‌ನಲ್ಲಿ ಮಾಡಿದೀನಿ ಅಂತ. ಅಧ್ಯಕ್ಷರು ನನ್ನ ಕಡೆ ತಿರುಗಿದ್ರು. ನಾನು, 'ಪಟ್ಟಿ ಸುಳ್ಳು ಹೇಳಲ್ಲ' ಅಂದೆ. ಆಮೇಲೆ ನೀನು... ನಿನ್ನ ಕೈಚೀಲ ಹಿಡ್ಕೊಂಡು, 'ಹಾಗಾದ್ರೆ ನಂಗೇ ಮರೆತುಹೋಗಿರ್ಬೇಕು, ಕ್ಷಮಿಸಿ' ಅಂತ ಹೇಳಿ ಕೂತೆ. ಎಪ್ಪತ್ತೊಂದು ವರ್ಷದವಳು, ಅರವತ್ತು ಜನರ ಮುಂದೆ. ಹದಿನೇಳು, ಹದಿನೇಳು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು ಓಸ್ತಾ, ಆದ್ರೆ...

...

ಇಲ್ಲ. ನಾನು ಹೇಳ್ತಿರೋದು ಈಗ ನೆನೆಸ್ಕೊಂಡಾಗ. ಈಗ ನೆನೆಸ್ಕೊಂಡ್ರೆ ಹಾಗನ್ಸುತ್ತೆ, ಅವತ್ತೇ ಹೇಳಬೇಕಿತ್ತು ಅಂತ. ಅವತ್ತು ನಂಗೆ ಹೇಗೆ ಗೊತ್ತಿರೋಕೆ ಸಾಧ್ಯ? ಗುರುವಾರ ಅಂತ ಹೇಳ್ದೆನಲ್ಲ.

ಬೈ ನನ್ನ. ಈ ವಾಫೆಲ್ ತಗೊಂಡು ಮುಖಕ್ಕೆ ಎಸಿ.

ಏನಿದು, ನಿನ್ನ ಫೋನಾ? ನಂಗ್ಯಾಕೆ ಕೊಡ್ತೀಯ? ...ಇವಾರ್ ನಂಬರ್. ನಾನು ಮಾಡ್ಬೇಕಾ? ಈಗಲೇ? ನೀನೇ ಹೇಳು ಓಸ್ತಾ, ನೀನು ಹೇಳಿದ್ರೇ ಅವನು... ಹೌದು. ಹೌದು, ನಿಜ. ನೀನು ಹೇಳಿದ್ರೆ ನಂಬಲ್ಲ. ಅಮ್ಮನಿಗೆ ಏನೋ ಕನಸು ಬಿತ್ತು ಅಂತಾನೆ. ಅಲ್ಲಿಗೆ ತಂದು ನಿಲ್ಸಿದೀನಿ ನಿನ್ನ.

ಮಾಡ್ತೀನಿ. ಕೊಡು ಇಲ್ಲಿ.

ರಿಂಗ್ ಆಗ್ತಿದೆ.

ಹಲೋ, ಇವಾರ್? ಅಲ್ಲಪ್ಪ, ಅಮ್ಮ ಅಲ್ಲ, ನಾನು ಬೋದಿಲ್, ಪಕ್ಕದ ತೋಟದ ಬೋದಿಲ್. ಅಮ್ಮ ಚೆನ್ನಾಗಿದಾಳೆ, ಏನೂ ಆಗಿಲ್ಲ, ನನ್ನ ಎದುರಿಗೇ ಕೂತಿದಾಳೆ. ಇವಾರ್, ಕೇಳು. ಸೋಮವಾರ ಸಹಿ ಹಾಕಿಸ್ಬೇಡ. ನಿಮ್ಮಮ್ಮ ಮಾಡಿದೀನಿ ಅಂದ ಕೆಲಸವೆಲ್ಲ ಮಾಡಿದ್ಲು. ಗಂಟೆ ಗಂಟೆಗೂ ಲೆಕ್ಕ ಇದೆ. ಅವಳ ನೆನಪು ಸರಿಯಾಗೇ ಇತ್ತು, ತಪ್ಪಿದ್ದು ನಾನು ಮಾಡಿದ ಪಟ್ಟಿ. ...ಹ್ಞಾ, ಖಂಡಿತ. ಎರಡು ವರ್ಷದ್ದೂ ನೋಡಿದೀನಿ. ...ಯಾವಾಗ ಗೊತ್ತಾಯ್ತು ಅಂದ್ರೆ, ಅದು... ಮೊನ್ನೆ ಗುರು...

...

ಇಲ್ಲ ಇವಾರ್. ಗುರುವಾರ ಅಲ್ಲ. ಸಭೆ ದಿನ ಬೆಳಗ್ಗೆ ಗೊತ್ತಾಗಿತ್ತು. ಅಮ್ಮ ಎದ್ದು ನಿಂತು ಮರೆತಿರ್ಬೇಕು ಅಂದಾಗ ಸರಿಯಾದ ಅಂಕಿ ನನ್ನ ತೊಡೆ ಮೇಲಿದ್ದ ಲ್ಯಾಪ್‌ಟಾಪ್‌ನಲ್ಲಿ ತೆರೆದೇ ಇತ್ತು. ಹದಿನೇಳು ಅಂತ. ನಾನು ಮುಚ್ಚಳ ಮುಚ್ಚಿದೆ. ...ಯಾಕೆ ಅಂದ್ರೆ, ಹೋದ ವರ್ಷ ಓಯ್‌ಸ್ಟೈನ್‌ನನ್ನ ಇದೇ ಪಟ್ಟಿ ತೋರಿಸಿ ಅವನ ತೋಟದಿಂದ ಕಳಿಸಿದ್ವಿ. ಅವನೂ ಪಟ್ಟಿಯ ಕೊನೆಯವರಲ್ಲೊಬ್ಬ. ನಿಮ್ಮಮ್ಮನದು ತಪ್ಪು ಅಂತ ಒಪ್ಕೊಂಡ್ರೆ ಅವನದನ್ನೂ ಒಪ್ಕೋಬೇಕಿತ್ತು. ಅರವತ್ತು ಜನರ ಮುಂದೆ ನಾನು ಚಿಕ್ಕವಳಾಗ್ಬೇಕಿತ್ತು. ಆಗೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ. ಅದಕ್ಕೆ ಅವಳನ್ನ ಚಿಕ್ಕವಳು ಮಾಡ್ದೆ. ಸಭೆ ಮುಗಿದ ಮೇಲೆ ತಬ್ಕೊಂಡು ಬೇಜಾರು ಮಾಡ್ಕೋಬೇಡ, ವಯಸ್ಸಾದ್ಮೇಲೆ ಹೀಗೇ ಅಂತ ಬೇರೆ ಹೇಳ್ದೆ.

...ಹ್ಞೂ. ಕೇಳಿಸ್ಕೋತಿದಾಳೆ. ಎಲ್ಲಾ ಕೇಳಿಸ್ಕೊಂಡ್ಲು. ಕೊಡ್ತೀನಿ, ಇರು.

ತಗೋ ಓಸ್ತಾ. ಮಗ ಅಳ್ತಿದಾನೆ. ನಿನ್ನ ಹತ್ರ ಮಾತಾಡ್ಬೇಕಂತೆ.

ನಾನು ಹೊರಗೆ ನಿಂತಿರ್ತೀನಿ.