ಸಾಬೂದಾನಿ ಉಪವಾಸ

ಒಂದು ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ಒಬ್ಬ ಭಾರಿ ಶ್ರೀಮಂತನಿದ್ದ. ದುಡ್ಡಿನಲ್ಲಲ್ಲ ತಾಯಂದಿರೇ, ಹೊಟ್ಟೆಯಲ್ಲಿ! ಹೆಸರು ಗುರುಶಾಂತ. ಮೆಸ್ಸಿನ ರೊಟ್ಟಿ-ಪಲ್ಯ ಕಂಡರೆ ಹಾವು ಕಂಡಂತೆ ಹಾರುವನು. ಬೆಳಿಗ್ಗೆ ಪಫ್ಸು, ಮಧ್ಯಾಹ್ನ ಗೋಬಿ ಮಂಚೂರಿ, ಸಂಜೆ ಮಿರ್ಚಿ ಭಜಿ, ಮೇಲೆ ಬಾಟಲಿಗಟ್ಟಲೆ ಬಣ್ಣದ ಸಿಹಿನೀರು. ಅವನು ಬೇಕರಿ ಹೊಕ್ಕು ಬಂದರೆ ಅಲ್ಲಿನ ಇರುವೆಗಳು ಗುಳೆ ಹೋಗುತ್ತಿದ್ದವು!

ಇಂಥವನಿಗೆ ಕಬಡ್ಡಿ ಟೀಮು ಸೇರುವ ಆಸೆ. ಅಂಗಳಕ್ಕಿಳಿದರೆ "ಕಬ" ಬರುತ್ತಿತ್ತು, "ಡ್ಡಿ" ಬರುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಯೂನಿವರ್ಸಿಟಿ ದವಾಖಾನೆಯ ಡಾಕ್ಟರಮ್ಮ ಪರೀಕ್ಷಿಸಿ ಸಹಿ ಹಾಕಿದರೆ ಮಾತ್ರ ಟೀಮು ಎಂದರು ಕೋಚು.

"ನಾಳೆ ಉಪವಾಸ ಇದ್ದು ಬಾರಪಾ, ರಕ್ತ ನೋಡೋಣು" ಎಂದರು ಡಾಕ್ಟರಮ್ಮ.

ಉಪವಾಸ! ಗುರುಶಾಂತ ಹೌಹಾರಿ ಮನೆಗೆ ಫೋನು ಹಚ್ಚಿದ.

"ಯವ್ವಾ, ಉಪವಾಸಕ್ಕ ಏನೇನ್ ತಿನ್ನಬೇಕಬೇ?"

"ಅನ್ನ, ರೊಟ್ಟಿ ಮುಟ್ಟಬ್ಯಾಡ ನನ ಕಂದಾ. ಸಾಬೂದಾನಿ ಖಿಚಡಿ ತಿನ್ನು, ಶೇಂಗಾ ಉಂಡಿ ತಿನ್ನು, ಬಾಳಿಹಣ್ಣು ತಿನ್ನು. ಸೊರಗಬ್ಯಾಡ!"

ನೋಡಿ, ತಾಯಿಯ ಮಾತು ಮೀರದ ಮಗ! ಪರಾತದ ತುಂಬ ಖಿಚಡಿ, ತೆಂಗಿನಕಾಯಿಯಂಥ ಉಂಡಿ, ಗೊನೆಗಟ್ಟಲೆ ಬಾಳೆಹಣ್ಣು ಮುಗಿಸಿ, ತೇಗುತ್ತ ಹೋಗಿ ಕೈ ಚಾಚಿದ. ರಕ್ತ ನೋಡಿ ಯಂತ್ರವೇ ಬೆವರಿತು.

"ಏನೋ ಇದು! ಉಪವಾಸ ಇದ್ದಿಯೋ ಇಲ್ಲೋ?"

"ದೇವರಾಣಿರಿ! ಒಂದಗಳ ಅನ್ನ ಮುಟ್ಟಿಲ್ಲ."

ಮಿಕ್ಕದ್ದೆಲ್ಲ ಬಾಯಿಬಿಡಿಸಿ ಕೇಳಿದ ಡಾಕ್ಟರಮ್ಮ ಕುರ್ಚಿಯಿಂದ ಜಾರುವಷ್ಟು ನಕ್ಕರು. ಮರುದಿನ ಬರೀ ನೀರು ಕುಡಿದು ಬರಹೇಳಿ ಮತ್ತೆ ನೋಡಿದರು. ಈ ಸಲ ನಗಲಿಲ್ಲ.

"ಸಕ್ಕರಿ ರೋಗ ನಿನ್ನ ಬಾಗಿಲಿಗೆ ಬಂದು ಚಪ್ಪಲಿ ಬಿಡಾಕತ್ತೈತಿ, ತಮ್ಮಾ. ಒಳಗ ಕರಕೋಬ್ಯಾಡ. ಈ ವರ್ಷ ಸಹಿ ಇಲ್ಲ. ಮೆಸ್ಸಿನ ರೊಟ್ಟಿ ತಿನ್ನು, ದಿನಾ ಓಡು. ಬರೂ ವರ್ಷ ನೋಡೋಣು."

ಮೀಸೆ ಬಂದ ಹುಡುಗ, ಗೋಡೆಗೆ ಮುಖ ಮಾಡಿ ಅತ್ತ.

ನಗುತ್ತೀರಾ? ನಗಿ, ನಗಿ. ಹಿಂದೆ ಕೂತ ಹಾಸ್ಟೆಲ್ ಮಕ್ಕಳೇ, ಇಲ್ಲಿಂದ ಎದ್ದವರು ಸೀದಾ ಗೋಬಿ ಗಾಡಿಗೆ ಓಡುವವರು, ನನಗೆ ಗೊತ್ತಿಲ್ಲವೇ? ಇವತ್ತು ಮೆಸ್ಸಿಗೆ ಹೋಗಿ. ರೊಟ್ಟಿ, ಕಾಳು, ಸೊಪ್ಪು ಉಣ್ಣಿ. ಬಾಯಾರಿದರೆ ನೀರು ಕುಡಿಯಿರಿ, ನೀರು! ಮುಂದೆ ಕೂತ ತಾಯಂದಿರೇ, ಮಕ್ಕಳಿಗೆ ಡಬ್ಬಿ ಕಟ್ಟುವಾಗ ಉಂಡಿ ಕಡಿಮೆ ಮಾಡಿ, ಹುರಿದ ಕಡಲೆ ಕಟ್ಟಿ. ನಿಮ್ಮ ಉಪವಾಸದ ಖಿಚಡಿಯನ್ನು ದೇವರು ನೋಡಿಯೂ ನೋಡದಂತೆ ಇದ್ದಾನು. ರಕ್ತ ಹಾಗೆ ಇರುವುದಿಲ್ಲ.